ದೊರೆಯ ಕಿವಿಗೆ ಹೂ, ಹಳ್ಳಿಯ ಹೆಗಲಿಗೆ ಹೆಣ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಇದನ್ನು ಓದುತ್ತಿರುವ ನಿಮಗೆ ಮೊದಲು ಒಂದು ಪ್ರಶ್ನೆ. ಕಾಳಗಿ ಎಲ್ಲಿದೆ, ಗೊತ್ತೇ?

ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ. ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ನಿಮ್ಮ ಪಾದಕ್ಕೆ ಆ ಸೀಮೆ ಗೊತ್ತು. ಹಳೆಯ ಮನೆಗಳ ನಡುಮನೆಗೆ, ಹಿತ್ತಲಿಗೆ, ಬಚ್ಚಲಿಗೆ ಹಾಸಿರುವ ಶಹಾಬಾದಿ ಕಲ್ಲು ಬಂದದ್ದು ಅಲ್ಲಿಂದಲೇ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಈ ಊರುಗಳ ನಡುವೆ ಕಾಳಗಿ. ಬಹುಕಾಲ ಚಿತ್ತಾಪುರ ತಾಲ್ಲೂಕಿನ ಒಂದು ಊರಾಗಿತ್ತು, 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ತೊಗರಿ ಬೆಳೆಯುವ ನಾಡು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇಲ್ಲಿಂದ ದೂರವಿಲ್ಲ.

ದೇಶಕ್ಕೆಲ್ಲ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ಕಾಳಗಿಗೆ ಬರಲಿಲ್ಲ! ಅಲ್ಲಿ 1948ರ ಸೆಪ್ಟೆಂಬರ್ 17ರವರೆಗೆ ಹಾರುತ್ತಿದ್ದದ್ದು ಹೈದರಾಬಾದ್ ನಿಜಾಮನ ಬಾವುಟ. ಹದಿಮೂರು ತಿಂಗಳ ತಡ. ಆ ಹದಿಮೂರು ತಿಂಗಳಲ್ಲಿ ಹಳ್ಳಿಗಳು ಸುಟ್ಟವು, ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರ, ಬಿಜಾಪುರದ ಕಡೆ ಓಡಿದರು. ಇದರ ಕಾರಣಗಳನ್ನು ನೀವು ಶಾಲೆಯಲ್ಲಿ ಓದಿರಬಹುದು: ನಿಜಾಮನ ಹಟ, ರಜಾಕಾರರ ಹಾವಳಿ, ಸರ್ದಾರ್ ಪಟೇಲರ ಪೊಲೀಸ್ ಕಾರ್ಯಾಚರಣೆ. ಪಠ್ಯಪುಸ್ತಕ ಹೇಳದ ಇನ್ನೊಂದು ಕಾರಣವಿದೆ. ದೊರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಅವನ ಸುತ್ತ ಉಳಿದಿರಲಿಲ್ಲ.

ನಮ್ಮ ಗಾದೆ ನಿಮಗೆ ಗೊತ್ತೇ ಇದೆ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೈದರಾಬಾದಿನಲ್ಲಿ ಆ ಒದೆಗೆ ಹೆದರಿದವರೇ ದರ್ಬಾರು ತುಂಬಿದ್ದರು.

ವಾಡಿಯಿಂದ ಕಿಂಗ್ ಕೋಠಿಗೆ

ಸುದ್ದಿ ತಲುಪಲು ದಾರಿ ಇರಲಿಲ್ಲವೇ? ಇತ್ತು. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತ್ತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿನ ಮೇಲೆ ಹಾದುಹೋಗುವ ದಾರಿ. ಕಾಳಗಿ ಸೀಮೆಯ ಸುದ್ದಿ ಮರುದಿನವೇ ನಿಜಾಮನ ಅರಮನೆ ಕಿಂಗ್ ಕೋಠಿಯ ಬಾಗಿಲಿಗೆ ಮುಟ್ಟಬಹುದಿತ್ತು. ಕಲ್ಲು ಹೋಗುತ್ತಿತ್ತು, ತೊಗರಿ ಹೋಗುತ್ತಿತ್ತು, ಕಂದಾಯ ಹೋಗುತ್ತಿತ್ತು. ಸತ್ಯ ಮಾತ್ರ ಹೋಗುತ್ತಿರಲಿಲ್ಲ.

ಯಾಕೆ? ಅಂದಿನ ಸರ್ಕಾರದ ಮೆಟ್ಟಿಲುಗಳನ್ನು ಎಣಿಸಿ ನೋಡಿ. ಊರಲ್ಲಿ ಪಾಟೀಲ, ಪಟವಾರಿ. ಅವರ ಮೇಲೆ ಗಿರ್ದಾವರ. ಅವನ ಮೇಲೆ ತಹಸೀಲ್ದಾರ. ಅವನ ಮೇಲೆ ಜಿಲ್ಲೆಯ ಅವ್ವಲ್ ತಾಲ್ಲೂಕುದಾರ. ಅವನ ಮೇಲೆ ಗುಲ್ಬರ್ಗದ ಸುಬೇದಾರ. ಆಮೇಲೆ ಹೈದರಾಬಾದಿನ ಕಾರ್ಯದರ್ಶಿಗಳು, ಮಂತ್ರಿಗಳು, ಕೊನೆಗೆ ದೊರೆ. ಈಗ ಊಹಿಸಿಕೊಳ್ಳಿ. ಊರೊಂದಕ್ಕೆ ರಜಾಕಾರರು ನುಗ್ಗಿ ಮನೆ ಲೂಟಿ ಮಾಡಿದ್ದಾರೆ. ಪಟವಾರಿ ‘ಲೂಟಿ’ ಎಂದು ಬರೆಯುತ್ತಾನೆ. ಗಿರ್ದಾವರ ಅದನ್ನು ‘ಗಲಾಟೆ’ ಮಾಡುತ್ತಾನೆ. ತಹಸೀಲ್ದಾರನ ಕಾಗದದಲ್ಲಿ ಅದು ‘ಸಣ್ಣ ಜಗಳ’. ಸುಬೇದಾರನ ಕಾಗದದಲ್ಲಿ ‘ಪರಿಸ್ಥಿತಿ ಹತೋಟಿಯಲ್ಲಿದೆ’. ದೊರೆಯ ಮುಂದೆ ಬರುವ ಹೊತ್ತಿಗೆ ‘ಹುಜೂರ್, ಪ್ರಜೆಗಳೆಲ್ಲ ಸುಖವಾಗಿದ್ದಾರೆ’. ಒಬ್ಬೊಬ್ಬನೂ ಹೇಳಿದ್ದು ದೊಡ್ಡ ಸುಳ್ಳೇನಲ್ಲ. ತನ್ನ ಮೇಲಿನವನ ಮುಖ ಕೆಡಬಾರದೆಂದು ಚೂರು ಚೂರೇ ಒರೆಸಿದ, ಅಷ್ಟೇ. ಮೇಲಕ್ಕೆ ಹೋಗುವಷ್ಟರಲ್ಲಿ ಸತ್ಯವೆಲ್ಲ ಒರೆಸಿ ಹೋಗಿತ್ತು!

ಇದಕ್ಕೆ ಭಾಷೆಯ ಗೋಡೆ ಬೇರೆ. ಸಂಸ್ಥಾನದ ಒಂದು ಕೋಟಿ ಅರವತ್ತು ಲಕ್ಷ ಜನರಲ್ಲಿ ಹೆಚ್ಚಿನವರ ಮಾತು ತೆಲುಗು, ಮರಾಠಿ, ಕನ್ನಡ. ಆಡಳಿತದ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದದ್ದೂ ಉರ್ದು ಮಾಧ್ಯಮದಲ್ಲಿ. ಕಾಳಗಿಯ ರೈತ ಕನ್ನಡದಲ್ಲಿ ಅತ್ತರೆ ಆ ಅಳು ಕಚೇರಿಯಲ್ಲಿ ಉರ್ದುವಾಗಬೇಕು. ಅಳುವನ್ನು ಅನುವಾದ ಮಾಡುವವನು ಸರ್ಕಾರದ ಸಂಬಳದವನು. ಅವನಿಗೆ ಬೇಡವಾದದ್ದು ಅನುವಾದ ಆಗುವುದಿಲ್ಲ. ಉರ್ದುವಿನ ತಪ್ಪಲ್ಲ ಇದು. ಯಾವ ಭಾಷೆಯಾದರೂ ಆಳುವವನದೊಂದು, ಆಳಿಸಿಕೊಳ್ಳುವವನದೊಂದು ಆದರೆ ಕೆಟ್ಟ ಸುದ್ದಿ ಸಾಯುವುದು ಮೊದಲ ಮೆಟ್ಟಿಲಲ್ಲೇ.

ಸತ್ಯ ಹೇಳಿದವರ ಗತಿ

ಹಾಗಾದರೆ ಯಾರೂ ಹೇಳಲೇ ಇಲ್ಲವೇ? ಹೇಳಿದರು. ಮೊದಲು ಹೇಳಿದವರು ನಮ್ಮವರೇ, ಬೆಂಗಳೂರಿನಲ್ಲಿ ಹುಟ್ಟಿದ ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು. 1946ರಲ್ಲಿ ನಿಜಾಮ ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡ. ಭಾರತದೊಡನೆ ಹೊಂದಿಕೊಂಡು ಹೋಗುವುದೇ ಹೈದರಾಬಾದಿಗೆ ದಾರಿ ಎಂಬುದು ಮಿರ್ಜಾ ಅವರ ನಿಲುವು. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷ ಅವರ ಮೇಲೆ ಮುಗಿಬಿತ್ತು. ದೊರೆ ಕೈಹಿಡಿಯಲಿಲ್ಲ. 1947ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು. ದರ್ಬಾರಿನಲ್ಲಿದ್ದವರಿಗೆಲ್ಲ ಅದೊಂದು ಪಾಠವಾಯಿತು: ಮಿರ್ಜಾನಂಥ ಮಿರ್ಜಾನಿಗೇ ಹೀಗಾದರೆ ನಮ್ಮ ಪಾಡೇನು?

ಆಮೇಲೆ ಬಂದವರು ಛತ್ತಾರಿಯ ನವಾಬರು. ದೆಹಲಿಯೊಡನೆ ಮಾತುಕತೆ ನಡೆಸಿ ಯಥಾಸ್ಥಿತಿ ಒಪ್ಪಂದದ ಕರಡು ತಂದರು. 1947ರ ಅಕ್ಟೋಬರ್ 27ರ ಬೆಳಗಿನ ಜಾವ ಏನಾಯಿತು ಗೊತ್ತೇ? ದೆಹಲಿಗೆ ಹೊರಟಿದ್ದ ನಿಯೋಗದವರ ಮನೆಗಳನ್ನೇ ಗುಂಪುಗಳು ಮುತ್ತಿಕೊಂಡವು. ಪ್ರಧಾನಿಯ ಮನೆ, ನಿಜಾಮನ ಕಾನೂನು ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ ಮನೆ, ಯಾವುದನ್ನೂ ಬಿಡಲಿಲ್ಲ. ನಿಜಾಮ ಬಾಗಿದ. ಛತ್ತಾರಿ ಹೊರನಡೆದರು. ತಮಾಷೆ ನೋಡಿ: ಹೊಸ ನಿಯೋಗ ಹೋಗಿ ನವೆಂಬರ್ 29ರಂದು ತಂದದ್ದು ಹೆಚ್ಚುಕಡಿಮೆ ಅದೇ ಒಪ್ಪಂದ. ಬದಲಾದದ್ದು ದೊರೆಯ ಪಕ್ಕದಲ್ಲಿ ನಿಂತವರು ಮಾತ್ರ. ಉದ್ಯಮಿ ಮೀರ್ ಲಾಯಕ್ ಅಲಿ ಪ್ರಧಾನಿಯಾದ. ಬೀದಿಯಲ್ಲಿ ಲಾತೂರಿನ ವಕೀಲ ಖಾಸಿಂ ರಜ್ವಿಯ ದರ್ಬಾರು ನಡೆಯಿತು. ಆಸಫಜಾಹಿ ಬಾವುಟ ದೆಹಲಿಯ ಕೆಂಪುಕೋಟೆಯ ಮೇಲೆ ಹಾರುತ್ತದೆ ಎಂದು ಅವನು ಭಾಷಣ ಬಿಗಿಯುತ್ತಿದ್ದ. ಮೂರು ದಿಕ್ಕಿಗೂ ನಾಲ್ಕು ದಿಕ್ಕಿಗೂ ಭಾರತವೇ ಇರುವ, ಸಮುದ್ರದ ದಾರಿಯೇ ಇಲ್ಲದ ರಾಜ್ಯದಲ್ಲಿ ಕೂತು ಆಡಿದ ಮಾತು! ನಕ್ಕುಬಿಡಬೇಕಾದ ಮಾತಿಗೆ ದರ್ಬಾರು ತಲೆದೂಗಿತು.

ಮೂರನೆಯವನು ಶೋಯಬುಲ್ಲಾ ಖಾನ್. ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ. ಮೂವತ್ತೂ ತುಂಬದ ತರುಣ, ನಿಮ್ಮ ವಯಸ್ಸಿನವನು. ರಜಾಕಾರರನ್ನು ಬರ್ಖಾಸ್ತು ಮಾಡಿ, ಭಾರತದೊಡನೆ ಸೇರಿ ಎಂದು ದೊರೆಗೆ ಅರ್ಥವಾಗುವ ಭಾಷೆಯಲ್ಲೇ ಬರೆದ. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮನೆಗೆ ಮರಳುವಾಗ ಅವನನ್ನು ಗುಂಡಿಟ್ಟು ಕೊಂದರು. ಬರೆದ ಕೈಯನ್ನು ಕತ್ತರಿಸಿದರು.

ಇದು ಹಿಂದೂ-ಮುಸ್ಲಿಂ ಕತೆ ಎಂದು ನಿಮಗೆ ಯಾರಾದರೂ ಹೇಳಿದರೆ ಈ ಹೆಸರುಗಳನ್ನು ಹೇಳಿ. ಮಿರ್ಜಾ ಇಸ್ಮಾಯಿಲ್. ಶೋಯಬುಲ್ಲಾ ಖಾನ್. ನಿಜಾಮನನ್ನು ಉಳಿಸಬಹುದಾಗಿದ್ದ ಮಾತು ಹೇಳಿದವರು ಇವರು. ಒಬ್ಬರನ್ನು ಓಡಿಸಿದರು, ಒಬ್ಬನನ್ನು ಕೊಂದರು.

ಐದೇ ದಿನ

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಒಳಬಂತು. ಮೊದಲ ದಿನವೇ ನಳದುರ್ಗ ಬಿತ್ತು. 17ಕ್ಕೆ ಎಲ್ಲ ಮುಗಿಯಿತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿಕ ಕರಾಚಿಯಿಂದ ಕದ್ದು ಹಾರಿಸಿ ತಂದ ಬಂದೂಕುಗಳು ಕೆಲಸಕ್ಕೆ ಬರಲಿಲ್ಲ. 1937ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಜಗತ್ತಿನ ಅತಿ ದೊಡ್ಡ ಶ್ರೀಮಂತನೆಂದು ಮುಖಪುಟದಲ್ಲಿ ಹಾಕಿದ್ದ ದೊರೆ ಐದು ದಿನಕ್ಕೆ ಶರಣಾದ. ಸೋತ ಮೇಲೆ ಪ್ರಧಾನಿ ಬರೆದ ಪುಸ್ತಕದಲ್ಲಿ ಸೇನಾಪತಿ ಎಲ್ ಎದ್ರೂಸನ ಮೇಲೆ ದೂರು ಹೊರಿಸಿದ.

ನಿಜಾಮ ಸೆಪ್ಟೆಂಬರ್ 23ರಂದು ರೇಡಿಯೋದಲ್ಲಿ ಮಾತಾಡಿದ. ರಜ್ವಿಯ ಗುಂಪು ಹಿಟ್ಲರನ ವಿಧಾನದಿಂದ ರಾಜ್ಯವನ್ನು ವಶಪಡಿಸಿಕೊಂಡಿತು, ನನ್ನನ್ನು ಅಸಹಾಯಕನನ್ನಾಗಿ ಮಾಡಿತು ಎಂಬುದು ಅವನ ಅಳಲು. ಪೂರಾ ಸುಳ್ಳಲ್ಲ. ಆದರೆ ಗೆಳೆಯರೇ, ನಾವು ಕೇಳಬೇಕಲ್ಲವೇ? ಮಿರ್ಜಾ ಹೊರಟಾಗ ತಡೆಯದವನು ಯಾರು? ಛತ್ತಾರಿಯ ಮನೆ ಮುತ್ತಿದಾಗ ಬಾಗಿದವನು ಯಾರು? ಕಿವಿಗೆ ಹೂ ಇಟ್ಟವರು ಹೊಗಳುಭಟರು, ಸರಿ. ಕಿವಿ ಬಗ್ಗಿಸಿ ಕೊಟ್ಟವನು ದೊರೆಯೇ.

ಇನ್ನು ಬೆಲೆ ತೆತ್ತವರ ಲೆಕ್ಕ ನೋಡಿ. ನಿಜಾಮ 1950ರಿಂದ 1956ರವರೆಗೆ ರಾಜಪ್ರಮುಖನಾಗಿ ಮೆರೆದ, ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದ. ರಜ್ವಿ ಜೈಲಿನಲ್ಲಿದ್ದು 1957ರಲ್ಲಿ ಬಿಡುಗಡೆಯಾಗಿ ಅಲ್ಲಿಗೇ ಹೋದ. ಸತ್ತವರು ಯಾರು? 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರ ಕೈಗೆ ಸಿಕ್ಕ ಹಳ್ಳಿಗರು. ಸೆಪ್ಟೆಂಬರ್ ಆದ ಮೇಲೆ ಸೇಡಿನ ಕೈಗೆ ಸಿಕ್ಕ ಹಳ್ಳಿಯ ಮುಸಲ್ಮಾನರು. ರಜ್ವಿಯ ಮುಖವನ್ನೂ ಕಾಣದವರು!

ಗೆದ್ದವರ ಕಿವಿಯೂ ಅಷ್ಟೇ

ಇಲ್ಲಿಗೆ ಕತೆ ಮುಗಿಸಿದರೆ ನಮಗೆಲ್ಲ ಹಿತವಾಗಿರುತ್ತದೆ. ಮುಗಿಸಬಾರದು.

ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಹತ್ಯೆಗಳ ಸುದ್ದಿ ದೆಹಲಿಗೆ ಮುಟ್ಟಿತು. ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ನೋಡಿ ಬರಲು ಕಳಿಸಿದರು. ಅವರು ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿದರು. ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜು ಮಾಡಿದರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ಮುಸಲ್ಮಾನ ನೆರೆಯವರನ್ನು ಜೀವದ ಹಂಗು ತೊರೆದು ಕಾಪಾಡಿದ ಹಿಂದೂಗಳ ಸಂಗತಿಯನ್ನೂ ಬರೆದರು.

ನಾಲ್ಕರಲ್ಲಿ ಎರಡು ನಮ್ಮ ಜಿಲ್ಲೆಗಳು, ಗೆಳೆಯರೇ. ಆ ವರದಿ ಏನಾಯಿತು? ಸರ್ದಾರ್ ಪಟೇಲರಿಗೆ ಅದು ಹಿಡಿಸಲಿಲ್ಲ. ಹೊಸ ಗಣರಾಜ್ಯಕ್ಕೆ ಆ ಸುದ್ದಿ ಬೇಕಿರಲಿಲ್ಲ. ಕಪಾಟು ಸೇರಿದ ಕಾಗದ 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರಿಗೆ ಓದಲು ಸಿಕ್ಕಿತು. ಅರವತ್ತು ವರ್ಷಕ್ಕೂ ಮೀರಿ! ನಿಜಾಮ ಕೆಟ್ಟವನು, ಅದಕ್ಕೇ ಕಿವಿ ಮುಚ್ಚಿಕೊಂಡ ಎಂದರೆ ಈ ಕಪಾಟಿಗೆ ಏನು ಹೇಳುತ್ತೀರಿ? ಒಳ್ಳೆಯ ನಾಯಕರೂ, ನಾವು ಪೂಜಿಸುವ ನಾಯಕರೂ ಬೇಡದ ಸುದ್ದಿಯನ್ನು ಕೆಳಗಿಡುತ್ತಾರೆ. ಅದಕ್ಕೇ ಈ ಕಾಯಿಲೆ ಅಪಾಯ.

ಮತ್ತೆರಡು ಸಲ

ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ನೆನೆಯಿರಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಅವರಿಗೂ ರಕ್ಷಣಾ ಸಚಿವ ಕೃಷ್ಣ ಮೆನನ್‌ಗೂ ಆಗಿಬರಲಿಲ್ಲ. 1959ರಲ್ಲಿ ರಾಜೀನಾಮೆ ಕೊಟ್ಟರು. ನೆಹರೂ ಸಮಾಧಾನ ಹೇಳಿ ಹಿಂದಕ್ಕೆ ಪಡೆಯುವಂತೆ ಮಾಡಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು. 1961ರಲ್ಲಿ ತಿಮ್ಮಯ್ಯ ನಿವೃತ್ತರಾದರು. ಚೀನಾದೊಡನೆ ನಾವು ಒಂಟಿಯಾಗಿ ನೇರ ಯುದ್ಧಕ್ಕಿಳಿಯುವ ಸ್ಥಿತಿಯಲ್ಲಿಲ್ಲ ಎಂದು 1962ರ ಜುಲೈನಲ್ಲಿ ಬರೆದೇ ಹೇಳಿದರು. ಅಕ್ಟೋಬರ್‌ನಲ್ಲಿ ಯುದ್ಧ ಬಂತು, ನವೆಂಬರ್ ಹೊತ್ತಿಗೆ ಸೋಲು. ಸೋಲಿಗೆ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ವರದಿಯೂ ಕಪಾಟು ಸೇರಿತು, 2014ರಲ್ಲಿ ಅದರ ಒಂದು ಭಾಗ ಸೋರಿ ಹೊರಬಂತು.

ಇನ್ನೊಂದು ಇಂದಿರಾ ಗಾಂಧಿಯವರದು. 1975ರಲ್ಲಿ ತುರ್ತುಪರಿಸ್ಥಿತಿ ಹೇರಿ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದರು. ಬೀಗ ಹಾಕಿದ್ದು ಜನರ ಬಾಯಿಗೆ, ಕಿವುಡಾದದ್ದು ತಾವು. 1977ರ ಜನವರಿಯಲ್ಲಿ ಚುನಾವಣೆ ಘೋಷಿಸಿದಾಗ ಗೆಲುವು ತಮ್ಮದೇ ಎಂಬ ವರದಿಗಳು ಅವರ ಮೇಜಿನ ಮೇಲಿದ್ದವು ಎಂದು ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. ಮಾರ್ಚ್‌ನಲ್ಲಿ ರಾಯ್‌ಬರೇಲಿಯಲ್ಲಿ ಅವರೇ ಸೋತರು. ಮುಂದಿನ ವರ್ಷ ಸಂಸತ್ತಿಗೆ ಮರಳಲು ಚಿಕ್ಕಮಗಳೂರಿಗೆ ಬಂದರು. ಎದುರು ನಿಂತವರು ಕಾಳಗಿಯ ನೆರೆಯ ಚಿಂಚೋಳಿಯ ವೀರೇಂದ್ರ ಪಾಟೀಲರು. ಆ ಸಲ ಇಂದಿರಾ ಗೆದ್ದರು. ಗೆದ್ದದ್ದಕ್ಕೆ ಕಾರಣ ಬೇರೆ ಇರಬಹುದು, ಆದರೆ ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಮತ ಕೇಳಿದ್ದು ಅವರೇ, ಜನರೆದುರು ನಿಂತು.

ನಂಜುಂಡಪ್ಪನವರ ಪಾಠ

ಕೆಟ್ಟ ಸುದ್ದಿಯನ್ನು ಹೇಳುವುದು ಹೇಗೆ ಎಂಬುದಕ್ಕೂ ನಮ್ಮಲ್ಲೇ ಒಂದು ಮಾದರಿ ಇದೆ. ಪ್ರಾದೇಶಿಕ ಅಸಮತೋಲನ ಕುರಿತು ಕರ್ನಾಟಕ ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯನ್ನು ನೇಮಿಸಿತು. 2002ರಲ್ಲಿ ಅವರು ಕೊಟ್ಟ ವರದಿಯಲ್ಲಿ ಬೈಗುಳವಿಲ್ಲ, ಜೈಕಾರವೂ ಇಲ್ಲ. 35 ಅಳತೆಗೋಲು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದರು. 114 ತಾಲ್ಲೂಕು ಹಿಂದುಳಿದಿವೆ, 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು ಎಂದರು. ಚಿಂಚೋಳಿ, ಚಿತ್ತಾಪುರ, ಸೇಡಂ ಹೆಸರು ಹಿಡಿದು ಬರೆದರು.

‘ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ’ ಎಂದು ಕೂಗಿದರೆ ‘ರಾಜಕೀಯ’ ಎಂದು ತಳ್ಳಿಹಾಕಬಹುದು. ತಾಲ್ಲೂಕಿನ ಹೆಸರು, ಅಳತೆ, ಅಂಕಿ ಮುಂದಿಟ್ಟರೆ ತಳ್ಳಿಹಾಕುವುದು ಕಷ್ಟ. ಅಂದಿನಿಂದ ಇಂದಿನವರೆಗೆ ಯಾವ ಸರ್ಕಾರ ಬಂದರೂ ಆ ವರದಿಯ ಹೆಸರು ಹೇಳದೆ ಈ ಭಾಗದ ಬಗ್ಗೆ ಮಾತಾಡಲಾಗಿಲ್ಲ. 371(ಜೆ) ವಿಧಿಗಾಗಿ ನಡೆದ ಹೋರಾಟಕ್ಕೂ ಅದು ಕೈಗೊಂದು ಕೋಲಾಯಿತು. 2013ರಲ್ಲಿ ಆ ವಿಧಿ ಜಾರಿಗೆ ಬಂತು. ಎಲ್ಲ ಸರಿಹೋಯಿತೆಂದಲ್ಲ. ಇದ್ದದ್ದು ಇದ್ದ ಹಾಗೆ ದಾಖಲಾಯಿತು. ಇನ್ನು ಯಾವ ಮುಖ್ಯಮಂತ್ರಿಯೂ ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ.

ಈಗ ನಮ್ಮ ಮನೆಯ ಮಾತು

ದೊರೆಗಳನ್ನು ಬೈದದ್ದಾಯಿತು. ಈಗ ನಮ್ಮನ್ನು ನಾವು ನೋಡಿಕೊಳ್ಳೋಣ.

ಒಮ್ಮೆ ಒಂದು ಮೆರವಣಿಗೆ ಮುಗಿದ ಮೇಲೆ ಮುಖಂಡರು ನನ್ನನ್ನು ಕೇಳಿದರು: ಎಷ್ಟು ಜನ ಸೇರಿದ್ದರು? ನಾನೇ ಎಣಿಸಿದ್ದೆ. ಇನ್ನೂರು ದಾಟಿರಲಿಲ್ಲ. ಅವರ ಮುಖದಲ್ಲಿ ಗೆಲುವಿತ್ತು, ಸುತ್ತ ಹಾರ ಹಿಡಿದವರು ನಿಂತಿದ್ದರು. ನನ್ನ ಬಾಯಿಂದ ಬಂದದ್ದು, ‘ಸಾವಿರದ ಮೇಲಾಯಿತು ಸಾರ್.’ ಎಲ್ಲರೂ ಖುಷಿಪಟ್ಟರು. ಆ ಸಾವಿರವನ್ನು ನಂಬಿ ಅವರು ಮುಂದಿನ ವಾರ ಬಂದ್ ಕರೆ ಕೊಟ್ಟರು. ಬೀದಿಗೆ ಬಂದವರು ಹದಿನೈದು ಹುಡುಗರು. ಅವರ ಮೇಲೆ ಕೇಸು ಬಿತ್ತು. ಒಬ್ಬನಿಗೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಆ ಕೇಸು ಅಡ್ಡ ಬಂತು. ಮುಖಂಡರಿಗೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಕಾಳಗಿಯ ಕತೆಯೇ ಅಲ್ಲವೇ ಇದು? ಸುಳ್ಳು ಹೇಳಿದವನು ಒಬ್ಬ, ಕೇಳಿ ಉಬ್ಬಿದವನು ಒಬ್ಬ, ಪೆಟ್ಟು ತಿಂದವನು ಮತ್ತೊಬ್ಬ.

ಕನ್ನಡದ ಸಂಘಟನೆಯಲ್ಲಿರಲಿ, ರಾಜಕೀಯ ಪಕ್ಷದಲ್ಲಿರಲಿ, ಕಂಪನಿಯಲ್ಲಿರಲಿ, ನಿಮ್ಮ ಮುಂದೆಯೂ ಈ ಗಳಿಗೆ ಬರುತ್ತದೆ. ಅಣ್ಣನ ಮುಖ ನೋಡಿ ಅಂಕಿ ಹೇಳಬೇಕೋ, ಎಣಿಸಿದ ಅಂಕಿ ಹೇಳಬೇಕೋ? ಆ ಹಳ್ಳಿಯ ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳು ಉಳಿದಿದ್ದಾರೆ ಎಂದು ಕೇಳಿದಾಗ ‘ಪರವಾಗಿಲ್ಲ’ ಎನ್ನಬೇಕೋ, ಹೋಗಿ ಎಣಿಸಿ ಬಂದು ಹೇಳಬೇಕೋ?

ನನ್ನಂತೆ ಮಾಡಬೇಡಿ. ಹೋಗಿ ನೋಡಿ, ಎಣಿಸಿ, ಬರೆದಿಡಿ. ಊರಿನ ಹೆಸರು, ದಿನಾಂಕ, ಅಂಕಿ ಸಹಿತ ಹೇಳಿ. ಒಬ್ಬರೇ ಹೋದರೆ ಬಾಯಿ ಮುಚ್ಚಿಸುತ್ತಾರೆ, ಇಬ್ಬರು ಮೂವರು ಸೇರಿ ಹೋಗಿ. ಬೆನ್ನ ಹಿಂದೆ ಬೇಡ, ಮುಖದೆದುರು ಹೇಳಿ. ನಾಳೆ ನೀವೇ ನಾಯಕರಾದಾಗ ಒಂದು ಕೆಲಸ ಮಾಡಿ. ಹಾರ ಹಿಡಿದು ನಿಂತವನನ್ನು ಪಕ್ಕಕ್ಕೆ ಸರಿಸಿ, ಹಿಂದೆ ತಲೆ ತಗ್ಗಿಸಿ ನಿಂತಿರುವ ಹುಡುಗನನ್ನು ಕರೆದು ಕೇಳಿ: ‘ಏನು ತಪ್ಪಾಗಿದೆ, ಹೇಳಪ್ಪ.’ ಅವನು ಹೇಳಿದ ಮೇಲೆ ಅವನನ್ನು ಹೊರಗೆ ಹಾಕಬೇಡಿ.

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಬಾವುಟ ಹಾರುತ್ತದೆ, ಭಾಷಣಗಳಾಗುತ್ತವೆ. ಈ ಸಲ ಆ ದಿನ ಬಂದಾಗ ಗೋರ್ಟಾವನ್ನೂ ನೆನೆಯಿರಿ, ಸುಂದರಲಾಲ್ ವರದಿಯನ್ನೂ ನೆನೆಯಿರಿ. ಶೋಯಬುಲ್ಲಾನ ಕತ್ತರಿಸಿದ ಕೈಯನ್ನು ಮರೆಯಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದೆಗೆ ಒದೆ ಬೀಳುತ್ತದೆ, ನಿಜ. ಒಂದು ಎದೆಗೆ ಬಿದ್ದ ಒದೆ ಆರುತ್ತದೆ. ಹೇಳದೆ ಉಳಿದದ್ದರ ಪೆಟ್ಟು ಕಾಳಗಿಯಂಥ ಊರುಗಳ ಮೇಲೆ ಬೀಳುತ್ತದೆ, ಅದು ಎಪ್ಪತ್ತು ವರ್ಷ ಕಳೆದರೂ ಆರುವುದಿಲ್ಲ.